ನಾಲ್ಕು ಗಂಟೆಯ ಲೆಮ್ಮಾ

ಜುಲೈ ೮, ಸೋಮವಾರ

ಅಕ್ಕ ಈ ಪುಸ್ತಕ ತಂದುಕೊಟ್ಟು ಆರು ತಿಂಗಳಾಯಿತು. "ನನ್ನ ತಲೆ ತಿನ್ನೋ ಬದಲು ಇದರಲ್ಲಿ ಬರ್ಕೋ" ಅಂದಿದ್ದಳು. ಇವತ್ತು ಬರೆಯಲೇಬೇಕು ಅನ್ನುವಷ್ಟು ಸಿಟ್ಟು ಬಂದಿದೆ, ಹಾಗಾಗಿ ಶುರು.

ಬೆಳಿಗ್ಗೆ ಒಂದು ಇ-ಮೇಲ್. ಎಲ್ಲೋ ದೂರದ ವಿಶ್ವವಿದ್ಯಾಲಯದ ಸಂಶೋಧಕಿಯಂತೆ. ನಿಮ್ಮ ಪ್ರಬಂಧವನ್ನು ತುಂಬ ಗೌರವದಿಂದ ಓದುತ್ತಿದ್ದೇನೆ ಎಂದು ಮೂರು ಸಾಲು ಬೆಣ್ಣೆ ಹಚ್ಚಿ ನಾಲ್ಕನೇ ಸಾಲಿನಲ್ಲಿ ಚುಚ್ಚಿದ್ದಾಳೆ. "ಏಳನೇ ಲೆಮ್ಮಾದ ಕೊನೆಗೆ ‘ಇದರಿಂದ ಸ್ಪಷ್ಟ’ ಎಂದು ಬರೆದಿದ್ದೀರಿ. ನನಗೆ ಸ್ಪಷ್ಟವಾಗುತ್ತಿಲ್ಲ. ದಯವಿಟ್ಟು ಬಿಡಿಸಿ ಹೇಳುವಿರಾ?"

ಆರು ವರ್ಷದ ಹಿಂದೆ ಅಚ್ಚಾದ ಪ್ರಬಂಧ. ಅದನ್ನು ನೆಚ್ಚಿಕೊಂಡು ನಲವತ್ತು ಜನ ತಮ್ಮ ತಮ್ಮ ಪ್ರಬಂಧ ಬರೆದುಕೊಂಡಿದ್ದಾರೆ. ಅವರಿಗೆಲ್ಲ ಸ್ಪಷ್ಟವಾಗಿತ್ತು, ಇವಳೊಬ್ಬಳಿಗೆ ಆಗಲಿಲ್ಲವಂತೆ.

ಊಟಕ್ಕೆ ಕೂತಾಗ ಅಕ್ಕನ ಹತ್ತಿರ ಹೇಳಿಕೊಂಡೆ. ನನ್ನವರು ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಾಳೆ. ಬೀದಿ ಕೊನೆಯಲ್ಲಿ ಅವಳ ಹೊಲಿಗೆ ಅಂಗಡಿ.

"ಲೆಮ್ಮಾ ಅಂದ್ರೇನೇ?" ಅಂದಳು.

"ದೊಡ್ಡ ಪ್ರಮೇಯಕ್ಕೆ ಹತ್ತೋಕೆ ಮೊದಲು ಇಡೋ ಮೆಟ್ಟಿಲು."

"ಮೆಟ್ಟಿಲು ಅಲ್ಲಾಡ್ತಿದೆ ಅಂತಾಳಾ ಆ ಹುಡುಗಿ?"

"ಅಲ್ಲಾಡ್ತಿಲ್ಲ. ಅವಳಿಗೆ ಹತ್ತೋಕೆ ಬರ್ತಿಲ್ಲ ಅಷ್ಟೆ."

"ಹಾಗಾದ್ರೆ ಎರಡು ಸಾಲು ಬರೆದು ಕಳಿಸು, ಮುಗೀತಲ್ಲ. ಅದಕ್ಕೆ ತಟ್ಟೆ ಮೇಲೆ ಯಾಕೆ ಸಿಟ್ಟು ತೋರಿಸ್ತೀಯ?"

ಸರಿ. ನಾಳೆ ಎರಡು ಸಾಲು ಬರೆದು ಕಳಿಸುತ್ತೇನೆ.

ಜುಲೈ ೯, ಮಂಗಳವಾರ

ಎರಡು ಸಾಲು ಬರೆಯಲು ಕೂತು ಐದು ತಾಸಾಯಿತು. ಬರಲಿಲ್ಲ.

ತಲೆ ಗೊಂದಲವಾದಾಗ ಏನೂ ತಿಳಿಯದವರಿಗೆ ಹೇಳುವ ಹಾಗೆ ಮೊದಲಿನಿಂದ ಹೇಳಿಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುವವಳು ನಾನೇ. ನನಗೂ ಹಾಗೇ ಹೇಳಿಕೊಳ್ಳುತ್ತೇನೆ.

ಕೊನೆಯೇ ಇಲ್ಲದ ಒಂದು ಊರು. ಒಂದು ದೊಡ್ಡ ಬೀದಿ, ಅದರಿಂದ ಹೊರಡುವ ಗಲ್ಲಿಗಳು. ಇಬ್ಬರು ಕುಡುಕರು ಬೇರೆ ಬೇರೆ ಮನೆಯಿಂದ ಹೊರಟು, ಪ್ರತಿ ಮೂಲೆಯಲ್ಲೂ ನಾಣ್ಯ ಚಿಮ್ಮಿ ದಾರಿ ಆರಿಸುತ್ತ ನಡೆಯುತ್ತಾರೆ. ಒಬ್ಬೊಬ್ಬನನ್ನೇ ನೋಡಿದರೆ, ಎಷ್ಟು ಅಲೆದರೂ ಮತ್ತೆ ಮತ್ತೆ ತನ್ನ ಮನೆಗೆ ಬಂದೇ ಬರುತ್ತಾನೆ. ಹಾಗಿದ್ದ ಮೇಲೆ ಇಬ್ಬರೂ ಎಲ್ಲಾದರೂ ಎದುರಾಗುತ್ತಲೇ ಇರಬೇಕು ಅನ್ನಿಸುತ್ತದೆ. ಆದರೆ ಗಲ್ಲಿಗಳು ತುಂಬ ಉದ್ದ ಇದ್ದರೆ ಹಾಗಾಗುವುದಿಲ್ಲ. ಇವನು ಬೀದಿಗೆ ಬಂದಾಗ ಅವನು ಗಲ್ಲಿಯಲ್ಲಿ, ಅವನು ಬಂದಾಗ ಇವನು ಗಲ್ಲಿಯಲ್ಲಿ. ಮೊದಲು ಒಂದಿಷ್ಟು ಸಲ ಸಂಧಿಸಿ ಆಮೇಲೆ ಎಂದೆಂದಿಗೂ ತಪ್ಪಿಹೋಗುತ್ತಾರೆ. ಇದು ಎಲ್ಲರಿಗೂ ಗೊತ್ತಿದ್ದದ್ದು.

ನಮ್ಮ ಪ್ರಮೇಯ ಏನೆಂದರೆ, ಗಲ್ಲಿಗಳು ಗಿಡ್ಡ ಇದ್ದರೆ ಅವರಿಬ್ಬರೂ ಕೊನೆಯಿಲ್ಲದೆ ಸಂಧಿಸುತ್ತಲೇ ಇರುತ್ತಾರೆ. ಏಳನೇ ಲೆಮ್ಮಾ ಹೇಳುವುದು ಇಷ್ಟೇ: ಗಲ್ಲಿ ಗಿಡ್ಡ ಇದ್ದರೆ ಅದರೊಳಗೆ ಕಳೆಯುವ ಹೊತ್ತೂ ಕಡಿಮೆ, ಆ ಹೊತ್ತನ್ನು ಲೆಕ್ಕದಿಂದ ಬಿಟ್ಟುಬಿಡಬಹುದು. ನೋಡಿದರೆ ಎಂಥವರಿಗೂ ಹೌದು ಅನ್ನಿಸುತ್ತದೆ. ಯಾಕೆ ಹೌದು ಎಂದು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ.

ಇದನ್ನು ಯಾರು ಸಾಧಿಸಿದ್ದು? ನಾನಂತೂ ಅಲ್ಲ. ಹಾಗಾದರೆ ನನ್ನ ಜೊತೆ ಪ್ರಬಂಧ ಬರೆದ ಗುಬ್ಬಿ.

ಗುಬ್ಬಿಯ ಹೆಸರು ಬರೆಯಬಾರದು ಅಂದುಕೊಂಡೇ ಕೂತಿದ್ದೆ. ಎರಡನೇ ದಿನಕ್ಕೇ ಬರೆದೆ.

ಜುಲೈ ೧೧, ಗುರುವಾರ

ಹಳೆಯ ಕಡತಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ನೋಡಿದೆ. ಕೊಠಡಿಗೆ ಬಂದ ನನ್ನ ಸಂಶೋಧನಾ ವಿದ್ಯಾರ್ಥಿನಿ ಕಾಲಿಡಲು ಜಾಗ ಸಿಗದೆ ಬಾಗಿಲಲ್ಲೇ ನಿಂತಳು. ಬಾಯಿ ಬಿಟ್ಟರೆ ಪ್ರಶ್ನೆ ಕೇಳುವ ಇವಳಿಗೆ ಇಡೀ ವಿಭಾಗದಲ್ಲಿ ‘ಪ್ರಶ್ನೆ’ ಅಂತಲೇ ಹೆಸರು. ಆಗಸ್ಟ್ ಇಪ್ಪತ್ತಕ್ಕೆ ಅವಳು ತನ್ನ ಕೆಲಸವನ್ನೆಲ್ಲ ವಿಭಾಗದ ಮುಂದೆ ಒಪ್ಪಿಸಬೇಕು. ಅದು ನಿಂತಿರುವುದು ನಮ್ಮ ಪ್ರಮೇಯದ ಮೇಲೆ. ಅವಳಿಗೆ ಏನೂ ಹೇಳಲಿಲ್ಲ.

ಸಂಜೆ ಹೊತ್ತಿಗೆ ಸಿಕ್ಕಿತು. ನನ್ನ ಕರಡಿನ ಅಂಚಿನಲ್ಲಿ ನನ್ನದೇ ಕೈಬರಹ: "ಲೆಮ್ಮಾ ೭: ಗುಬ್ಬಿ ನೋಡಿದ್ದಾಳೆ." ನನ್ನ ಕಡತದಲ್ಲೇ ಉಳಿದಿದ್ದ ಅವಳ ಕರಡಿನ ಅದೇ ಪುಟದಲ್ಲಿ ಅವಳ ಪುಟ್ಟ ಅಕ್ಷರ: "ಲೆಮ್ಮಾ ೭: ಒಂಟೆ ನೋಡಿದ್ದಾಳೆ." ಒಂಟೆ ಅಂದರೆ ನಾನು.

ತಪ್ಪು ಹೇಗಾಯಿತು ಅಂತ ತಕ್ಷಣ ಹೊಳೆಯಿತು. ನಾನು ಉದ್ದ, ಅವಳು ಗಿಡ್ಡ. ಹದಿನೇಳು ವರ್ಷ ದಿನಾ ನಾಲ್ಕು ಗಂಟೆಗೆ ನನ್ನ ಕೊಠಡಿಯ ಒಂದೇ ಬೋರ್ಡಿನ ಮುಂದೆ ನಿಂತು ಕೆಲಸ ಮಾಡಿದೆವು. ಮೇಲರ್ಧ ನನ್ನದು, ಕೆಳಗರ್ಧ ಅವಳದು. ವಾರದ ಕೊನೆಗೆ ಯಾರ ಭಾಗದಲ್ಲಿ ಇದ್ದದ್ದನ್ನು ಅವರು ಮನೆಯಲ್ಲಿ ಕೂತು ಪರೀಕ್ಷಿಸಿ ಕಾಗದದ ಮೇಲೆ ಇಳಿಸಬೇಕು. ಏಳನೇ ಲೆಮ್ಮಾ ಬೋರ್ಡಿನ ನಟ್ಟನಡುವೆ ಇತ್ತು. ಅದು ಅವಳ ಪಾಲು ಅಂತ ನಾನು, ನನ್ನ ಪಾಲು ಅಂತ ಅವಳು. ವಿಭಾಗದವರು ನಮ್ಮನ್ನು ಜೋಡೆತ್ತು ಅನ್ನುತ್ತಿದ್ದರು. ಎತ್ತುಗಳಿಗೂ ಇಷ್ಟು ಬುದ್ಧಿ ಇರುತ್ತಿತ್ತೇನೋ.

ನಗು ಬಂತು. ನಕ್ಕು ಪಕ್ಕಕ್ಕೆ ತಿರುಗಿದೆ, ಅವಳಿಗೆ ಹೇಳಲು. ಅವಳು ಕೆಳಗಿನ ಅನ್ವಯಿಕ ಗಣಿತಕ್ಕೆ ಹೋಗಿ ಎರಡು ವರ್ಷವಾಯಿತು. ಕುತ್ತಿಗೆಗೆ ಇನ್ನೂ ಅಭ್ಯಾಸ ತಪ್ಪಿಲ್ಲ.

ಜುಲೈ ೧೨, ಶುಕ್ರವಾರ

ಅವಳಿಗೆ ಹೇಳಲೇಬೇಕು. ಪ್ರಬಂಧದಲ್ಲಿ ಇಬ್ಬರ ಹೆಸರೂ ಇದೆ.

ಕೆಳಗೆ ಹೋಗಲು ಮೂರು ಸಲ ಎದ್ದೆ. ಎರಡನೇ ಮಹಡಿಯವರೆಗೆ ಇಳಿದು, ನೀರು ಕುಡಿದು, ವಾಪಸು ಬಂದೆ. ನಾವು ಶುದ್ಧ ಗಣಿತದವರು ಮೂರನೇ ಮಹಡಿಯಲ್ಲಿ, ಅನ್ವಯಿಕದವರು ನೆಲ ಅಂತಸ್ತಿನಲ್ಲಿ. ಎರಡು ವರ್ಷದ ಹಿಂದೆ ನನ್ನವರು ಮಾರ್ಚಿನಲ್ಲಿ ಹೋದರು. ಜುಲೈಯಲ್ಲಿ ಇವಳು ತನ್ನ ಪುಸ್ತಕಗಳನ್ನು ಎರಡು ಪೆಟ್ಟಿಗೆಗೆ ತುಂಬಿ, ಆಸ್ಪತ್ರೆಯಲ್ಲಿ ಸೋಂಕು ಹೇಗೆ ಹರಡುತ್ತದೆ ಎನ್ನುವ ಲೆಕ್ಕ ಮಾಡುತ್ತೇನೆ ಎಂದು ಕೆಳಗಿಳಿದಳು. "ಬೇಜಾರು ಮಾಡ್ಕೋಬೇಡ" ಅಂದಳು, ಅಷ್ಟೇ. ನಾಲ್ಕು ತಿಂಗಳಲ್ಲಿ ಎರಡು ಸಲ ಮನೆ ಖಾಲಿಯಾದ ಹಾಗಾಯಿತು. ಮೊದಲನೆಯದಕ್ಕೆ ಯಾರನ್ನೂ ಬಯ್ಯುವ ಹಾಗಿರಲಿಲ್ಲ. ಎರಡನೆಯದಕ್ಕೆ ಮನಸಾರೆ ಬಯ್ದೆ. ಕೊಳಾಯಿ ರಿಪೇರಿಗೂ ಅವಳ ಈಗಿನ ಗಣಿತಕ್ಕೂ ವ್ಯತ್ಯಾಸವಿಲ್ಲ ಅಂತ ಎಲ್ಲರ ಎದುರು ಹೇಳಿದ್ದೆ. ಅವಳ ಕಿವಿಗೂ ಬಿದ್ದಿರುತ್ತದೆ.

ಕೊನೆಗೆ ಪ್ರಶ್ನೆಯ ಕೈಯಲ್ಲಿ ಒಂದು ಚೀಟಿ ಕಳಿಸಿದೆ.

"ಎರಡು ಮಹಡಿ ಇಳಿಯೋಕೆ ನಾನ್ಯಾಕೆ ಮೇಡಮ್? ಫೋನಿದೆಯಲ್ಲ?"

"ಮೂರು ಮಹಡಿ. ಹೋಗಿ ಬಾ."

"ಜಗಳಾನಾ ಮೇಡಮ್?"

"ಲೆಮ್ಮಾ."

ಹತ್ತು ನಿಮಿಷಕ್ಕೆ ಅದೇ ಚೀಟಿಯ ಹಿಂಬದಿಯಲ್ಲಿ ಉತ್ತರ ಬಂತು. "ಸೋಮವಾರ. ನಾಲ್ಕಕ್ಕೆ."

ಜುಲೈ ೧೫, ಸೋಮವಾರ

ಬಂದಳು. ಕೂದಲು ಕತ್ತರಿಸಿಕೊಂಡಿದ್ದಾಳೆ, ಕನ್ನಡಕ ದಪ್ಪವಾಗಿದೆ. ಬಾಗಿಲು ತಟ್ಟಿದಳು. ಹದಿನೇಳು ವರ್ಷದಲ್ಲಿ ಒಂದು ದಿನವೂ ತಟ್ಟಿರಲಿಲ್ಲ, ಅದು ಚುಚ್ಚಿತು.

"ಯಾವ ಲೆಮ್ಮಾ?"

"ಏಳು."

ಅವಳು ತುಂಬ ಹೊತ್ತು ಬೋರ್ಡನ್ನೇ ನೋಡಿದಳು. ಬೋರ್ಡಿನ ಮೇಲೆ ಏನೂ ಇರಲಿಲ್ಲ. ನಾನು ಎರಡು ಕರಡುಗಳನ್ನೂ ತೋರಿಸಿ, ನೀನು ನಾನು ಅಂತ ಬರ್ಕೊಂಡಿದ್ದೀಯ, ನಾನು ನೀನು ಅಂತ ಬರ್ಕೊಂಡಿದ್ದೀನಿ ಅಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಪಕ್ಕದ ಕೊಠಡಿಯ ಬೀಜಗಣಿತದವರು ಗೋಡೆ ಬಡಿದರು.

"ಹಾಗಾದ್ರೆ ಈಗ ಸಾಧಿಸೋಣ" ಅಂದೆ. "ನಿಜ ಇರೋದಂತೂ ನಿಜ. ಬರೆಯೋದಷ್ಟೇ ಬಾಕಿ."

ಅವಳು ಸೀಮೆಸುಣ್ಣ ಕೈಗೆ ತಗೊಂಡಳು. "ಸರಿ. ಎಲ್ಲಿಂದ ಶುರು ಮಾಡ್ತೀಯ?"

ಆರು ಗಂಟೆವರೆಗೂ ಮಾಡಿದೆವು. ಏನೂ ಹುಟ್ಟಲಿಲ್ಲ. ಹೋಗುವಾಗ ನಾಳೆ ಬರುತ್ತೇನೆ ಎಂದು ಅವಳಾಗಿ ಹೇಳಲಿ ಅಂತ ಕಾದೆ. ಹೇಳಲಿಲ್ಲ. ಮೆಟ್ಟಿಲ ತುದಿಗೆ ಹೋಗಿ ನಾನೇ ಕೂಗಿದೆ, "ನಾಳೆ?"

ಕೆಳಗಿನಿಂದ "ಹ್ಞೂಂ" ಅಂತ ಕೇಳಿಸಿತು.

ಜುಲೈ ೧೬, ಮಂಗಳವಾರ

ಬಂದಳು. ಬಾಗಿಲು ತಟ್ಟಲಿಲ್ಲ.

ಜುಲೈ ೨೩, ಮಂಗಳವಾರ

ಕೆಲಸ ಚೆನ್ನಾಗಿ ನಡೆಯುತ್ತಿದೆ. ಅಂದರೆ ಲೆಮ್ಮಾ ಒಂದು ಇಂಚೂ ಮುಂದೆ ಹೋಗಿಲ್ಲ. ಆದರೂ ಚೆನ್ನಾಗಿ ನಡೆಯುತ್ತಿದೆ.

ಅವಳು ಯೋಚನೆ ಮಾಡುವಾಗ ಈಗಲೂ ಒಂದೇ ಕಾಲಿನ ಮೇಲೆ ಕುಪ್ಪಳಿಸುತ್ತಾಳೆ, ಐವತ್ತು ದಾಟಿದರೂ. ನಾನು ಏನಾದರೂ ಜಾಣತನದ ಮಾತು ಹೇಳಿದರೆ ಮೂಗು ಮುರಿದು, ಮೂರು ನಿಮಿಷ ಬಿಟ್ಟು "ಅದೇನು ಅಂದೆ, ಇನ್ನೊಂದ್ಸಲ ಹೇಳು" ಅನ್ನುತ್ತಾಳೆ. ಈ ಎರಡು ವರ್ಷ ನನಗೆ ಯಾರೂ ಇನ್ನೊಂದು ಸಲ ಹೇಳು ಅಂದಿರಲಿಲ್ಲ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಸಹೋದ್ಯೋಗಿಗಳು ತಲೆಯಾಡಿಸುತ್ತಾರೆ. ನನ್ನವರು ಇದ್ದಾಗ ಅವರು ಒಂದೂ ಅರ್ಥವಾಗದಿದ್ದರೂ ಕೊನೆವರೆಗೂ ಕೇಳುತ್ತಿದ್ದರು.

ಇವತ್ತು ಅವಳ ಆಸ್ಪತ್ರೆಯ ಕೆಲಸದ ಬಗ್ಗೆ ಕೇಳಬೇಕು ಅನ್ನಿಸಿತು. ಕೇಳಿದರೆ ಸೋತ ಹಾಗಾಗುತ್ತದೆ ಎಂದು ಸುಮ್ಮನಾದೆ.

ಜುಲೈ ೩೦, ಮಂಗಳವಾರ

ಬೆಳಿಗ್ಗೆ ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನು ಸಮಾಚಾರ? ಹಾಡು ಗುನುಗ್ತಿದ್ದೀಯ."

"ಇಲ್ಲವಲ್ಲ."

"ಇಸ್ತ್ರಿ ಮಾಡಿರೋ ಬಟ್ಟೆ ಹಾಕ್ಕೊಂಡಿದ್ದೀಯ. ಮೆಟ್ಟಿಲು ಗಟ್ಟಿಯಾಯ್ತಾ?"

"ಇನ್ನೂ ಇಲ್ಲ. ತುಂಬ ಕಷ್ಟದ ಲೆಮ್ಮಾ ಅದು."

"ಕಷ್ಟ ಇದ್ರೆ ಇಷ್ಟು ಖುಷಿ ಯಾಕೆ ಪುಟ್ಟಿ?"

ಹೊಲಿಗೆಯವರಿಗೆ ಸಂಶೋಧನೆ ಹೇಗೆ ನಡೆಯುತ್ತದೆ ಅಂತ ವಿವರಿಸುವುದು ಕಷ್ಟ.

ಆಗಸ್ಟ್ ೪, ಭಾನುವಾರ

ಬೆಳಿಗ್ಗೆ ಅಕ್ಕನ ಅಂಗಡಿಯಲ್ಲಿ ಕೂತಿದ್ದೆ. ಒಬ್ಬರು ಕೋಟಿಗೆ ಒಂದು ಗುಂಡಿ ಹೊಲಿಸಿಕೊಳ್ಳಲು ಬಂದರು. ಅಕ್ಕ ಕೂತಲ್ಲಿಂದ ಎರಡು ಹೆಜ್ಜೆಗೆ ಬೀರು. ಬೀರುವಿನಲ್ಲಿ ಆರು ಖಾನೆ, ಖಾನೆಯಲ್ಲಿ ಡಬ್ಬಿಗಳು, ಡಬ್ಬಿಯಲ್ಲಿ ಪೊಟ್ಟಣಗಳು, ಪೊಟ್ಟಣದಲ್ಲಿ ಗುಂಡಿ ಪೋಣಿಸಿದ ಚೀಟಿಗಳು. ಇದರಲ್ಲಿಲ್ಲ, ಅದರಲ್ಲಿಲ್ಲ ಅಂತ ಅಕ್ಕ ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಕಾಲು ಗಂಟೆ ಆ ಬೀರುವಿನೊಳಗೇ ಇದ್ದಳು. ಬಂದವರು ಬೇಸತ್ತು ಹೊರಗೆ ಹೋದರು. ಅಕ್ಕ ಗುಂಡಿ ಹಿಡಿದು ತಿರುಗುವ ಹೊತ್ತಿಗೆ ಅವರಿಲ್ಲ. ಅವರು ಮತ್ತೆ ಬಂದಾಗ ಅಕ್ಕ ದಾರ ಹುಡುಕುತ್ತ ಮತ್ತೆ ಬೀರುವಿನೊಳಗೆ.

ನಾನು ತಕ್ಷಣ ಪೆನ್ನು ಹುಡುಕಿದೆ.

ಗಲ್ಲಿ ಉದ್ದ ಇರಬೇಕಾಗಿಯೇ ಇಲ್ಲ. ಗಿಡ್ಡ ಗಲ್ಲಿಯಲ್ಲಿ ಕವಲು, ಕವಲಿನಲ್ಲಿ ಕವಲು ಇದ್ದರೆ ಸಾಕು. ಎರಡೇ ಹೆಜ್ಜೆ ಒಳಗಿದ್ದರೂ ಮನುಷ್ಯ ಹೊರಗೆ ಬರುವುದಿಲ್ಲ. ಅಂಗಡಿಯ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಮಧ್ಯಾಹ್ನ ಮನೆಗೆ ಬಂದು ಮತ್ತೆ ಹಾಕಿದೆ. ಮೂರು ಸಲವೂ ಅದೇ ಬಂತು.

ಏಳನೇ ಲೆಮ್ಮಾ ಸುಳ್ಳು. ಬರೆಯುವುದು ಬಾಕಿ ಇದ್ದದ್ದಲ್ಲ, ಸುಳ್ಳೇ. ಲೆಮ್ಮಾ ಇಲ್ಲದಿದ್ದರೆ ಪ್ರಮೇಯವಿಲ್ಲ. ನಮ್ಮ ಹದಿನೇಳು ವರ್ಷದಲ್ಲಿ ಹೆಸರು ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು.

ನಾಳೆ ನಾಲ್ಕಕ್ಕೆ ಅವಳಿಗೆ ಹೇಳಬೇಕು. ಪ್ರಶ್ನೆಗೂ ಹೇಳಬೇಕು, ಅವಳಿಗೆ ಉಳಿದಿರುವುದು ಹದಿನಾರು ದಿನ.

ಆಗಸ್ಟ್ ೫, ಸೋಮವಾರ

ಹೇಳಲಿಲ್ಲ. ಲೆಕ್ಕವನ್ನು ಇನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಆಗಸ್ಟ್ ೭, ಬುಧವಾರ

ಪರೀಕ್ಷಿಸಿದೆ. ಸರಿಯಾಗಿದೆ. ಇವತ್ತು ಅವಳಿಗೆ ನೆಗಡಿಯಾಗಿತ್ತು. ನೆಗಡಿ ಇರುವವರಿಗೆ ಇಂಥದ್ದನ್ನು ಹೇಳುವುದು ಸರಿಯಲ್ಲ.

ಆಗಸ್ಟ್ ೯, ಶುಕ್ರವಾರ

ಪ್ರಶ್ನೆ ಬಂದು, "ಮೇಡಮ್, ಲೆಮ್ಮಾ ಎಲ್ಲಿಗೆ ಬಂತು? ನಾನು ಅದನ್ನ ನಂಬ್ಕೊಂಡೇ ಮಾತಾಡಬಹುದಾ?" ಅಂತ ಕೇಳಿದಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿದೆ. ಬರುವ ವಾರ ಹೇಳುತ್ತೇನೆ ಅಂದೆ. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ವಿದ್ಯಾರ್ಥಿಗೆ ಗೊತ್ತಿದ್ದೂ ಗೊತ್ತಿಲ್ಲ ಅಂದದ್ದು ಇದೇ ಮೊದಲು. ನಾಚಿಕೆಯಾಯಿತು.

ಆದರೂ ನಾಲ್ಕು ಗಂಟೆಗೆ ಬೋರ್ಡಿನ ಮುಂದೆ ನಿಂತು, "ಈ ಕಡೆಯಿಂದ ಪ್ರಯತ್ನ ಮಾಡೋಣ್ವಾ?" ಅಂತ ಗುಬ್ಬಿಯನ್ನು ಕೇಳಿದೆ. ಅವಳು, ಮಾಡೋಣ ಅಂದಳು. ಇಲ್ಲದ ದಾರಿಯಲ್ಲಿ ಎರಡು ತಾಸು ನಡೆದೆವು. ಹೇಳಿದರೆ ಇದು ಮುಗಿಯುತ್ತದೆ. ಒಂದು ಪತ್ರ ಬರೆದು ಪ್ರಬಂಧ ಹಿಂದಕ್ಕೆ ತಗೊಳ್ಳುತ್ತೇವೆ, ಅವಳು ಕೆಳಗೆ ಹೋಗುತ್ತಾಳೆ. ಆಮೇಲೆ ಮೆಟ್ಟಿಲಲ್ಲಿ ಸಿಕ್ಕರೆ ತಲೆಯಾಡಿಸುತ್ತೇವೆ.

ಇನ್ನೊಂದು ವಾರ ಬೇಕು ನನಗೆ. ಪ್ರಮೇಯ ಹೋದರೆ ಹೋಗಲಿ.

ಆಗಸ್ಟ್ ೧೩, ಮಂಗಳವಾರ

ಎಲ್ಲ ಆಗಿಹೋಯಿತು. ನಡೆದ ಹಾಗೇ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಪ್ರಶ್ನೆ ಒಂದು ದಪ್ಪ ವರದಿ ಹಿಡಿದು ಬಂದಳು. ಆಸ್ಪತ್ರೆಯವರಿಗಾಗಿ ಕೆಳಗಿನವರು ಮಾಡಿಕೊಟ್ಟದ್ದು.

"ನಿನಗೇನು ಕೆಲಸ ಅದರಲ್ಲಿ?"

"ಅದರಲ್ಲೂ ಇಬ್ಬರು ನಡೀತಾರಲ್ಲ ಮೇಡಮ್. ಸೋಂಕು ಇರೋರೊಬ್ಬರು, ಇಲ್ಲದೇ ಇರೋರೊಬ್ಬರು. ಎಲ್ಲಿ ಎದುರಾಗ್ತಾರೆ ಅನ್ನೋದೇ ಲೆಕ್ಕ. ಕೊನೇ ಅನುಬಂಧ ನೋಡಿ."

ನೋಡಿದೆ. ಉದ್ದದ ಮೊಗಸಾಲೆ, ಅದರಿಂದ ವಾರ್ಡು, ವಾರ್ಡಿನಿಂದ ಕೋಣೆ, ಕೋಣೆಯೊಳಗೆ ಪರದೆ ಕಟ್ಟಿದ ಹಾಸಿಗೆಗಳು. ಇಂಥ ಕಟ್ಟಡ ಕೊನೆಯಿಲ್ಲದೆ ಬೆಳೆದರೆ, ದಾರಿಗಳು ಗಿಡ್ಡ ಇದ್ದರೂ ಇಬ್ಬರು ಸಂಧಿಸುವುದು ಎಣಿಸಬಹುದಾದಷ್ಟು ಸಲ ಮಾತ್ರ ಎಂದು ನಾಲ್ಕು ಪುಟದ ಸಾಧನೆ. ಅಕ್ಕನ ಬೀರು ನನಗೆ ತೋರಿಸಿದ್ದು ಅದೇ, ಆದರೆ ನನ್ನದಕ್ಕಿಂತ ಚೊಕ್ಕವಾಗಿ. ಕೆಳಗೆ ಗುಬ್ಬಿಯ ಹೆಸರು, ತಾರೀಖು. ಎರಡು ವರ್ಷದ ಹಿಂದಿನ ಜೂನ್. ಆಗ ಅವಳು ವಾರಕ್ಕೊಂದು ದಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಕೆಳಗಿಳಿದದ್ದು ಜುಲೈಯಲ್ಲಿ.

ಮೂರನೇ ಮಹಡಿಯವರು ಕೆಳಗಿನವರ ಅನುಬಂಧ ಓದುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಹಾಗಾದ್ರೆ ನಿಮ್ಮ ಪ್ರಮೇಯ..." ಅಂದಳು ಪ್ರಶ್ನೆ. ಮೊದಲ ಸಲ ಅವಳು ಪ್ರಶ್ನೆಯನ್ನು ಪೂರ್ತಿ ಕೇಳಲಿಲ್ಲ.

"ಸುಳ್ಳು" ಅಂದೆ. "ನನಗೆ ಗೊತ್ತಾಗಿ ಒಂಬತ್ತು ದಿನ ಆಯ್ತು. ನಿನಗೆ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯ್ತು ಕಣಮ್ಮ."

ನಾಲ್ಕಕ್ಕೆ ಗುಬ್ಬಿ ಬಂದು ಸೀಮೆಸುಣ್ಣ ಎತ್ತಿಕೊಂಡಳು. ನಾನು ವರದಿಯನ್ನು ಮೇಜಿನ ಮೇಲೆ ಇಟ್ಟೆ.

"ಗೊತ್ತಿತ್ತಾ?"

"ಗೊತ್ತಿತ್ತು."

"ಈ ಒಂದು ತಿಂಗಳೂ ಗೊತ್ತಿತ್ತಾ? ಹಾಗಾದ್ರೆ ದಿನಾ ಇಲ್ಲಿಗೆ ಬಂದು ಏನು ಮಾಡ್ತಿದ್ದೆ?"

"ನೀನು ಏನು ಮಾಡ್ತಿದ್ಯೋ ಅದನ್ನೇ. ನಿನಗೂ ಗೊತ್ತಾಗಿ ವಾರದ ಮೇಲಾಯ್ತಲ್ಲ."

"ಯಾರು ಹೇಳಿದ್ದು?"

"ಹೋದ ಸೋಮವಾರದಿಂದ ನೀನು ಬೋರ್ಡು ಅಳಿಸ್ತಿಲ್ಲ. ಗೊತ್ತಿಲ್ಲದೇ ಇದ್ದಾಗ ನಿಮಿಷಕ್ಕೊಂದು ಸಲ ಅಳಿಸ್ತೀಯ."

ಕೂಗಾಡಬೇಕು ಅಂತ ಮಧ್ಯಾಹ್ನವೆಲ್ಲ ಸಿದ್ಧ ಮಾಡಿಕೊಂಡಿದ್ದ ಮಾತೆಲ್ಲ ಕೆಲಸಕ್ಕೆ ಬರಲಿಲ್ಲ. ಒಂಬತ್ತು ದಿನ ಮುಚ್ಚಿಟ್ಟವಳು ಎರಡು ವರ್ಷ ಮುಚ್ಚಿಟ್ಟವಳ ಮೇಲೆ ಯಾವ ಬಾಯಿಂದ ಕೂಗಾಡಲಿ? ಆದರೂ ಕೇಳಿದೆ, ಯಾಕೆ ಅಂತ.

ಅವಳು ಕೂತುಕೊಂಡಳು. "ಆ ಜೂನಲ್ಲಿ ಒಂದಿನ ಹೇಳೋಕೇ ಅಂತ ನಿಮ್ಮ ಮನೆಗೆ ಬಂದಿದ್ದೆ. ಕಾಗದ ಕೈಯಲ್ಲೇ ಇತ್ತು. ನೀನು ಬಾಗಿಲು ತೆಗೆದು, ಇನ್ನು ನನಗೆ ಉಳಿದಿರೋದು ಈ ಪ್ರಮೇಯ ಒಂದೇ ಕಣೇ ಅಂದೆ. ಆಮೇಲೆ ಹೇಗೆ ಹೇಳಲಿ? ದಿನಾ ನಿನ್ನ ಪಕ್ಕ ನಿಂತು ಸುಳ್ಳು ಬರೆಯೋಕೂ ಆಗ್ಲಿಲ್ಲ. ಅದಕ್ಕೆ ಕೆಳಗೆ ಹೋದೆ."

"ಹೇಳಬೇಕಿತ್ತು. ನಲವತ್ತು ಜನ ಅದನ್ನ ನಂಬಿದ್ದಾರೆ ಗುಬ್ಬಿ."

"ಗೊತ್ತು. ಅದು ತಪ್ಪೇ. ಆದ್ರೆ ಆವತ್ತು ಹೇಳಿದ್ರೆ ನೀನು ತಡ್ಕೋತಿದ್ಯಾ?"

"ಪ್ರಮೇಯ ಹೋಗಿದ್ರೆ ತಡ್ಕೋತಿದ್ದೆ. ನೀನು ಹೋಗಿದ್ದನ್ನ ಇನ್ನೂ ತಡ್ಕೊಳ್ಳೋಕೆ ಆಗಿಲ್ಲ."

ಇದನ್ನು ಹೇಳಬೇಕು ಅಂತ ನಾನು ಸಿದ್ಧ ಮಾಡಿಕೊಂಡಿರಲಿಲ್ಲ. ಅವಳು ಕನ್ನಡಕ ತೆಗೆದು ಒರೆಸಿದಳು. ಸೀಮೆಸುಣ್ಣದ ಕೈಯಲ್ಲಿ ಒರೆಸಿದ್ದರಿಂದ ಗಾಜು ಇನ್ನೂ ಮಸುಕಾಯಿತು. ನಾನು ನನ್ನ ಕರವಸ್ತ್ರ ಕೊಟ್ಟೆ.

ಆಗಸ್ಟ್ ೧೬, ಶುಕ್ರವಾರ

ಪತ್ರಿಕೆಗೆ ಪತ್ರ ಬರೆದು ಮುಗಿಯಿತು. "ಏಳನೇ ಲೆಮ್ಮಾ ಸುಳ್ಳು. ಆದ್ದರಿಂದ ಲೇಖಕರು ಈ ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತಿದ್ದಾರೆ." ಆ ದೂರದ ಸಂಶೋಧಕಿಗೂ ಬರೆದೆವು, ನಿಮಗೆ ಸ್ಪಷ್ಟವಾಗದೇ ಇದ್ದದ್ದೇ ಸರಿ ಅಂತ. ವಿಭಾಗದ ಮುಖ್ಯಸ್ಥರು ಓದಿ ತಲೆ ಮೇಲೆ ಕೈ ಇಟ್ಟುಕೊಂಡರು. ನನಗೆ ಅಂದುಕೊಂಡಷ್ಟು ನೋವಾಗಲಿಲ್ಲ. ಸಹಿ ಮಾಡುವಾಗ ಅವಳ ತೋಳು ನನ್ನ ತೋಳಿಗೆ ತಗಲುತ್ತಿತ್ತು.

ಆಮೇಲೆ ಧೈರ್ಯ ಮಾಡಿ ಕೇಳಿದೆ. "ಇನ್ನು ಸುಳ್ಳು ಹೇಳೋ ಕಷ್ಟ ಇಲ್ಲವಲ್ಲ. ಮೇಲೆ ಬಂದುಬಿಡು."

ಅವಳು ಪೆನ್ನಿನ ಮುಚ್ಚಳ ಹಾಕಿದಳು. "ನನಗೆ ಕೆಳಗಿನ ಕೆಲಸ ಇಷ್ಟ ಕಣೇ" ಅಂದಳು ಆಮೇಲೆ. "ಮೊದಮೊದಲು ನಿನ್ನ ಕಣ್ಣು ತಪ್ಪಿಸೋಕೆ ಹೋದೆ, ನಿಜ. ಈಗ ಹಾಗಲ್ಲ. ಹೋದ ವರ್ಷ ಒಂದು ವಾರ್ಡಿನ ಬಾಗಿಲು ಮುಚ್ಚಿ ಇನ್ನೊಂದು ಕಡೆ ತೆಗೀರಿ ಅಂದ್ವಿ. ತೆಗೆದ್ರು. ಅಲ್ಲಿ ಸೋಂಕು ಅರ್ಧಕ್ಕೆ ಇಳೀತು. ಅಲ್ಲಿನ ನರ್ಸು ಬಂದು ನನ್ನ ಕೈ ಹಿಡ್ಕೊಂಡ್ರು. ನಮ್ಮ ಪ್ರಮೇಯಕ್ಕೆ ಯಾರಾದ್ರೂ ಕೈ ಹಿಡ್ಕೊಂಡಿದ್ರಾ?"

ಇಲ್ಲ ಅಂದೆ. ಅವಳು ಹೋದದ್ದು ಇಲ್ಲಿಯ ಸುಳ್ಳು ತಾಳಲಾರದೆ, ಉಳಿದದ್ದು ಅಲ್ಲಿಯ ಕೆಲಸ ಮೆಚ್ಚಿ. ಮೊದಲನೆಯದು ತಿಳಿದು ಸಮಾಧಾನವಾಗಿತ್ತು. ಎರಡನೆಯದು ತಿಳಿದಿದ್ದು ಇವತ್ತು.

ಆಗಸ್ಟ್ ೧೯, ಸೋಮವಾರ

ನಾಲ್ಕು ಗಂಟೆ. ಬೋರ್ಡು ಅಳಿಸಿದೆ. ಅಳಿಸಿದ ಬೋರ್ಡನ್ನೇ ಮತ್ತೆ ಅಳಿಸಿದೆ.

ಆಗಸ್ಟ್ ೨೦, ಮಂಗಳವಾರ

ಪ್ರಶ್ನೆಯ ಮಾತು ಚೆನ್ನಾಗಿ ಆಯಿತು. ಒಂದು ವಾರದಲ್ಲಿ ಇಡೀ ಕೆಲಸವನ್ನು ತಿರುಗಿಸಿ ಹಾಕಿದ್ದಾಳೆ. ಪ್ರಮೇಯ ಎಲ್ಲೆಲ್ಲಿ ಮುರಿಯುತ್ತದೆ ಎನ್ನುವುದೇ ಈಗ ಅವಳ ವಿಷಯ. ಅವಳು ಕವಲಿನ ಚಿತ್ರ ಬರೆದು, "ಇಲ್ಲಿ ನನ್ನ ಗುರುಗಳು ತಪ್ಪಿದ್ದಾರೆ" ಅಂದಾಗ ಇಡೀ ಸಭೆ ನನ್ನ ಕಡೆ ತಿರುಗಿತು. ನಾನು ಹೌದು ಹೌದು ಅಂತ ತಲೆಯಾಡಿಸಿದೆ. ಹೆಮ್ಮೆಯಾಯಿತು, ಸುಳ್ಳಲ್ಲ.

ಗುಬ್ಬಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಚಹಾ ಕೊಡುವ ಹೊತ್ತಿಗೆ ನೋಡಿದರೆ ಇರಲಿಲ್ಲ. ಅವಳಿಗೂ ಒಂದು ಲೋಟ ತುಂಬಿಸಿ ಹಿಡಿದುಕೊಂಡಿದ್ದೆ. ಎರಡನ್ನೂ ನಾನೇ ಕುಡಿದೆ.

ಮನೆಗೆ ಬಂದಾಗ ಅಕ್ಕ ಕೇಳಿದಳು, "ಅವಳ ನೆನಪು ಬರ್ತಿದೆಯಾ?"

"ಬರ್ತಿದೆ."

"ಅವಳು ಇರೋದು ಮೂರು ಮಹಡಿ ಕೆಳಗೆ ತಾನೇ? ಏನು ಸಮುದ್ರ ದಾಟಬೇಕಾ?"

ಆಗಸ್ಟ್ ೨೧, ಬುಧವಾರ

ಇವತ್ತು ಪಾಠ ಮಾಡುತ್ತ ಮಾಡುತ್ತ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಪಾಠ ಅರ್ಧಕ್ಕೇ ನಿಲ್ಲಿಸಿ ಇಳಿದು ಹೋದೆ. ಎಷ್ಟು ಮೆಟ್ಟಿಲು ಅಂತಲೂ ಗಮನಕ್ಕೆ ಬರಲಿಲ್ಲ.

ಕೆಳಗೆ ನಾನು ಅಂದುಕೊಂಡ ಹಾಗೇನೂ ಇಲ್ಲ. ಗೋಡೆ ತುಂಬ ಆಸ್ಪತ್ರೆಯ ನಕ್ಷೆಗಳು, ಮೇಜಿನ ಮೇಲೆ ಬಣ್ಣದ ಪೆನ್ನುಗಳು, ಕಿಟಕಿಯ ಪಕ್ಕದಲ್ಲೇ ತೋಟಕ್ಕೆ ಬಾಗಿಲು. ಗುಬ್ಬಿ ಸಮವಸ್ತ್ರ ಹಾಕಿದ್ದ ಒಬ್ಬ ನರ್ಸಿನ ಜೊತೆ ನಕ್ಷೆಯ ಮೇಲೆ ಬಗ್ಗಿ, ಇವರು ಎಷ್ಟು ಹೊತ್ತಿಗೆ ಯಾವ ಹಾಸಿಗೆಗೆ ಹೋಗುತ್ತಾರೆ ಎಂದು ಗೆರೆ ಎಳೆಯುತ್ತಿದ್ದಳು. ಎಳೆಯುತ್ತ ಎಳೆಯುತ್ತ ಒಂದು ಕಾಲಿನ ಮೇಲೆ ಕುಪ್ಪಳಿಸಿದಳು. ನಾನು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತು ನೋಡಿದೆ. ಅವಳು ಇಲ್ಲಿ ಸುಖವಾಗಿದ್ದಾಳೆ. ಹೊಟ್ಟೆ ಉರಿಯಬೇಕಿತ್ತು. ಯಾಕೋ ಉರಿಯಲಿಲ್ಲ.

"ಏನೇ, ಇಲ್ಲಿವರೆಗೂ ಇಳಿದು ಬಂದಿದ್ದೀಯ? ಏನಾಯ್ತು?" ಅಂದಳು ಗಾಬರಿಯಿಂದ.

"ಏನೂ ಆಗಿಲ್ಲ. ಒಂದು ವಿಷಯ ಕೇಳಬೇಕಿತ್ತು."

ನರ್ಸು ಆಮೇಲೆ ಬರುತ್ತೇನೆ ಅಂತ ಎದ್ದರು. ನೀವು ಕೂತ್ಕೊಳ್ಳಿ, ನಿಮಗೂ ಬೇಕಾಗುವ ವಿಷಯವೇ ಅಂದೆ. ಅವರು ಕೂತರು.

"ಆ ಇಬ್ಬರೂ ಕೊನೆಯಿಲ್ಲದೆ ಸಂಧಿಸ್ತಾರೆ ಅಂದಿದ್ವಿ, ಅದು ಸುಳ್ಳಾಯ್ತು. ಎಣಿಸಬಹುದಾದಷ್ಟು ಸಲ ಮಾತ್ರ ಅಂತ ನೀನು ಸಾಧಿಸಿದೆ. ಸರಿ, ಒಪ್ಪಿದೆ. ಆದ್ರೆ ಎಷ್ಟು ಸಲ?"

ಅವಳು ಪೆನ್ನು ಕೆಳಗಿಟ್ಟಳು. "ಅದನ್ನ ನಾನು ಲೆಕ್ಕ ಹಾಕಿಲ್ಲ. ಯಾರೂ ಹಾಕಿಲ್ಲ."

"ಇಂತಿಷ್ಟೇ ಅಂತ ಇರಬೇಕಲ್ಲ. ಹತ್ತೋ, ಐನೂರೋ. ಕೊನೇ ಸಲ ಯಾವುದು ಅಂತ ಅವರಿಗೆ ಗೊತ್ತಾಗಲ್ಲ, ಅದು ಬೇರೆ ಮಾತು. ಆದ್ರೆ ಸರಾಸರಿ ಎಷ್ಟು ಅಂತ ನಾವು ಹೇಳಬಹುದು."

ನರ್ಸು, "ನಮಗೂ ಅದೇ ಬೇಕಾಗಿರೋದು ಮೇಡಮ್" ಅಂದರು.

ಗುಬ್ಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಏನು ಅರ್ಥವಾಯಿತೋ, ಕಣ್ಣು ತುಂಬಿತು. ಗಣಿತದ ಪ್ರಶ್ನೆಗೆ ಅಳುವಂಥದ್ದೇನಿತ್ತು ಅಂತ ನನಗಂತೂ ಗೊತ್ತಾಗಲಿಲ್ಲ.

"ನಾಳೆ ನಾಲ್ಕಕ್ಕೆ ಇಲ್ಲಿಗೇ ಬಾ" ಅಂದಳು. "ಶುರು ಮಾಡೋಣ."

"ನಾಳೆ ಯಾಕೆ?" ಅಂದೆ, ಕುರ್ಚಿ ಎಳೆದುಕೊಂಡು. "ಎಷ್ಟು ಸಲ ಅಂತ ಗೊತ್ತಿಲ್ಲದೇ ಇರುವಾಗ ಇವತ್ತಿನದನ್ನ ಯಾಕೆ ಬಿಡಬೇಕು?"